ಗಣಕಯಂತ್ರದ ಸ್ಮೃತಿಗೆ ಕಾವಲು

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ವಿಚಾರ ಕೆಲವು ದಿನ ನನ್ನ ಮನಸ್ಸನ್ನು ಆವರಿಸಿತ್ತು. ಶಾಲೆಯ ದಿನಗಳನ್ನೂ ಪ್ರಸಾದ ನಿಲಯದ ಜೀವನವನ್ನೂ ಕುರಿತು ನನಗಿಂತ ಹಿರಿಯರೂ ಸಮರ್ಥರೂ ಆದ ಲೇಖಕರು ಬರೆಯುವರು. ಮೂರು ದಶಕಗಳಿಂದ ಬೆಂಗಳೂರಿನಲ್ಲಿ ವಿದ್ಯುನ್ಮಾನ ಚಿಪ್‌ಗಳ ವಿನ್ಯಾಸವನ್ನು ಪರೀಕ್ಷಿಸುವ ಕೆಲಸದಲ್ಲಿ ಜೀವನ ಸವೆಸಿದ ನಾನು, ನನಗೆ ತಿಳಿದ ವಿಷಯವನ್ನೇ ನಿವೇದಿಸುವುದು ಯುಕ್ತವೆಂದು ಭಾವಿಸಿದೆ. ಅದು ಗಣಕಯಂತ್ರದ ಸ್ಮೃತಿ, ಅರ್ಥಾತ್ ಮೆಮೊರಿ ಚಿಪ್‌ಗಳ ರಕ್ಷಣೆಯ ವಿಷಯ. ಒಣ ವಿಷಯವೆಂದು ವಾಚಕರು ಪುಟ ಮಗುಚದಿರಲೆಂದು ಮೊದಲಿಗೇ ಒಂದು ಮಾತು ಹೇಳುತ್ತೇನೆ. ಇದು ಯಂತ್ರದ ವಿಷಯವಾಗಿ ಆರಂಭವಾದರೂ ಕೊನೆಗೆ ಮನುಷ್ಯರ ಮಾನದ ವಿಷಯವಾಗಿ ನಿಲ್ಲುತ್ತದೆ.

ಗಣಕಯಂತ್ರದಲ್ಲಿ ಎಣಿಕೆ ಮಾಡುವ ಅಂಗ ಒಂದು, ನೆನಪಿಡುವ ಅಂಗ ಇನ್ನೊಂದು. ಎಣಿಸುವ ಅಂಗಕ್ಕೆ ಪ್ರೊಸೆಸರ್ ಎಂದು ಹೆಸರು. ನೆನಪಿಡುವ ಅಂಗಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನೆಯದು ಕೆಲಸ ನಡೆಯುವಾಗ ಮಾತ್ರ ಬೇಕಾದ ತಾತ್ಕಾಲಿಕ ಸ್ಮೃತಿ. ಡಿರ್ಯಾಮ್ ಎಂಬ ಈ ಚಿಪ್‌ನಲ್ಲಿ ಕೋಟ್ಯಂತರ ಅತಿ ಸೂಕ್ಷ್ಮ ಕೋಶಗಳಿದ್ದು, ಒಂದೊಂದರಲ್ಲಿಯೂ ಒಂದು ಹನಿ ವಿದ್ಯುದಾವೇಶ ತುಂಬಿರುತ್ತದೆ. ತೂತುಬಿದ್ದ ಕೊಡದ ನೀರಿನಂತೆ ಆ ಆವೇಶ ಸೋರಿಹೋಗುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ ಎಲ್ಲ ಕೋಶಗಳನ್ನೂ ಮತ್ತೆ ತುಂಬಿಸುತ್ತಲೇ ಇರಬೇಕು. ಎರಡನೆಯದು ಫ್ಲ್ಯಾಶ್ ಎಂಬ ಶಾಶ್ವತ ಸ್ಮೃತಿ. ವಿದ್ಯುತ್ತು ನಿಂತರೂ ವರ್ಷಗಟ್ಟಲೆ ನೆನಪನ್ನು ಉಳಿಸಿಕೊಳ್ಳುವಂಥದು. ನಮ್ಮ ಜೇಬಿನ ದೂರವಾಣಿಯಲ್ಲಿಯೂ, ಮಕ್ಕಳು ಕೊರಳಿಗೆ ಹಾಕಿಕೊಂಡು ತಿರುಗುವ ಪೆನ್ ಡ್ರೈವಿನಲ್ಲಿಯೂ ಇರುವುದು ಇದೇ.

ಬಹುಕಾಲದವರೆಗೆ ಯಂತ್ರಶಿಲ್ಪಿಗಳು ಸ್ಮೃತಿ ಚಿಪ್ಪನ್ನು ಮನೆಯೊಳಗಿನ ನಂಬಿಗಸ್ತ ಆಳೆಂದೇ ಎಣಿಸಿದ್ದರು. ಹೊರಗಿನಿಂದ ಬರುವ ಕಳ್ಳನಿಗೆ ಬಾಗಿಲು ಭದ್ರಪಡಿಸಿದರೆ ಸಾಕು, ಅಡಿಗೆಮನೆಗೂ ಪಡಸಾಲೆಗೂ ನಡುವೆ ಕಾವಲೇಕೆ ಎಂಬುದು ಅವರ ಧೋರಣೆ. ಪ್ರೊಸೆಸರ್ ಕೇಳಿದ್ದನ್ನು ಸ್ಮೃತಿ ಕೊಡುತ್ತಿತ್ತು, ಸ್ಮೃತಿ ಕೊಟ್ಟಿದ್ದನ್ನು ಪ್ರೊಸೆಸರ್ ನಂಬುತ್ತಿತ್ತು. ಅವೆರಡರ ನಡುವಿನ ತಂತಿಗಳ ಮೇಲೆ ಎಲ್ಲ ಮಾತೂ ಬಯಲಿನಲ್ಲಿಯೇ ನಡೆಯುತ್ತಿತ್ತು. ಕಳ್ಳನು ಯಂತ್ರವನ್ನೇ ಕೈಯಲ್ಲಿ ಹಿಡಿದುಕೊಂಡಿದ್ದರೆ ಗತಿಯೇನು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಆ ಪ್ರಶ್ನೆಗೆ ಉತ್ತರ ಹೊಸ ಶತಮಾನದ ಆರಂಭದಲ್ಲಿಯೇ ದೊರೆಯಿತು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ರಹಸ್ಯ ಕೀಲಿಯನ್ನು ಒಂದು ಚಿಪ್‌ನ ಗರ್ಭದಲ್ಲಿ ಹುದುಗಿಸಿಡಲಾಗಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಹುವಾಂಗ್ ಎಂಬಾತನು ಆ ಗರ್ಭವನ್ನು ಬಗೆಯಲು ಹೋಗಲಿಲ್ಲ. ಕೀಲಿಯು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹೋಗುವ ತಂತಿಗಳ ಮೇಲೆ ಮುಸುಕಿಲ್ಲದೆ ಸಾಗುವುದನ್ನು ಅರಿತು, ಆ ತಂತಿಗಳಿಗೆ ತಾನೇ ರಚಿಸಿದ ಸಣ್ಣ ಮಂಡಲವನ್ನು ಜೋಡಿಸಿ, 2002ರಲ್ಲಿ ಅದನ್ನು ಓದಿ ಲೋಕಕ್ಕೆ ತಿಳಿಸಿದನು. ತಿಜೋರಿ ಉಕ್ಕಿನದಾಗಿತ್ತು; ಆದರೆ ಕೀಲಿಕೈಯನ್ನು ಹಾಡುಹಗಲಿನಲ್ಲಿ ಬೀದಿಯ ಮೇಲೆ ಒಯ್ಯುತ್ತಿದ್ದರು.

ಎರಡನೆಯ ಆಘಾತ 2008ರದು. ವಿದ್ಯುತ್ತು ತೆಗೆದೊಡನೆಯೇ ಡಿರ್ಯಾಮ್ ಎಲ್ಲವನ್ನೂ ಮರೆಯುತ್ತದೆಂದು ಜನ ನಂಬಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ವಾಂಸರೂ ಅವರ ಸಂಗಡಿಗರೂ ಆ ನಂಬಿಕೆ ಸರಿಯಲ್ಲವೆಂದು ತೋರಿಸಿದರು. ಧೂಳು ಊದಲು ಬಳಸುವ ಗಾಳಿಯ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಚಿಪ್‌ಗಳ ಮೇಲೆ ಸಿಂಪಡಿಸಿದರೆ ಅವು ಶೂನ್ಯಕ್ಕಿಂತ ಸುಮಾರು 50 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಯುತ್ತವೆ. ಹಾಗೆ ತಣಿದ ಸ್ಮೃತಿಯನ್ನು ಕಿತ್ತು ತೆಗೆದು ಹತ್ತು ನಿಮಿಷ ವಿದ್ಯುತ್ತಿಲ್ಲದೆ ಇಟ್ಟರೂ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಮಾತ್ರ ಅಳಿದಿತ್ತು. ಉಳಿದುದರಲ್ಲಿ ಗೂಢಲಿಪಿಯ ಕೀಲಿಗಳೂ ಇದ್ದವು. ಚಳಿಯಲ್ಲಿ ಮುದುಡಿದ ಪ್ರಾಣಿಯಂತೆ ಯಂತ್ರದ ನೆನಪೂ ತಣ್ಣಗಾದಷ್ಟೂ ಮೆಲ್ಲಗೆ ಸಾಯುತ್ತದೆ ಎಂಬುದು ನಮ್ಮಂಥ ಕಸುಬಿನವರಿಗೂ ಹೊಸ ಪಾಠವಾಗಿತ್ತು.

ಇವೆಲ್ಲ ದೂರದ ದೇಶಗಳ ಪ್ರಯೋಗಶಾಲೆಯ ವಿನೋದಗಳು, ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಅಂಥವರಿಗಾಗಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು, ಯಾರ ಹೆಸರನ್ನೂ ಎತ್ತದೆ, ಹೇಳುತ್ತೇನೆ.

ನನ್ನ ತಂಗಿಯ ಮಗಳಿಗೆ ಬಾಲ್ಯದಲ್ಲಿ ಮೂರ್ಛೆರೋಗವಿತ್ತು. ಉತ್ತಮ ಚಿಕಿತ್ಸೆ ದೊರೆತು, ಪದವೀಧರೆಯಾಗಿ, ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿಯಾದಳು. ಅವಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂದು, ನಿಶ್ಚಯ ಕಾರ್ಯಕ್ಕೆ ದಿನವನ್ನೂ ಗೊತ್ತುಮಾಡಲಾಗಿತ್ತು. ಅಷ್ಟರಲ್ಲಿ ಅವರ ಊರಿನ ರೋಗಪರೀಕ್ಷಾ ಕೇಂದ್ರವೊಂದು ತನ್ನ ಹಳೆಯ ಗಣಕಯಂತ್ರವನ್ನೂ, ದಿನದಿನದ ವರದಿಗಳನ್ನು ನಕಲು ಮಾಡಿಡುತ್ತಿದ್ದ ಪೆನ್ ಡ್ರೈವನ್ನೂ ಗುಜರಿಗೆ ಮಾರಿತು. ಮಾರುವ ಮುನ್ನ ಅದರಲ್ಲಿದ್ದುದನ್ನೆಲ್ಲ ಅಳಿಸಿದ್ದರಂತೆ. ಅದು ಕೈಯಿಂದ ಕೈಗೆ ಹೋಗಿ ಒಂದು ಅಂಗಡಿಯನ್ನು ಸೇರಿತು. ಅಲ್ಲಿಯ ಹುಡುಗರು ಕುತೂಹಲಕ್ಕೆ, ಅಳಿಸಿದ್ದನ್ನು ಮರಳಿ ತೆಗೆಯುವ ಸುಲಭವಾದ ತಂತ್ರಾಂಶವೊಂದನ್ನು ಓಡಿಸಿದರು. ಊರು ಚಿಕ್ಕದು, ಹೆಸರು ಪರಿಚಿತವಾದುದು. ಹದಿನೈದು ವರ್ಷ ಹಿಂದಿನ ವರದಿಯೊಂದು ವಾರದೊಳಗೆ ಬೀಗರಾಗಬೇಕಿದ್ದವರ ಮನೆಯ ದೂರವಾಣಿಯಲ್ಲಿತ್ತು. ಸಂಬಂಧ ಮುರಿಯಿತು.

ನಾನು ಊರಿಗೆ ಹೋದಾಗ ತಂಗಿ ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: ‘ಅಣ್ಣಾ, ಅಳಿಸೇವಿ ಅಂತ ಅವರು ಆಣಿ ಮಾಡಿ ಹೇಳ್ತಾರ. ಅಳಿಸಿದ್ದು ಹ್ಯಾಂಗ ಉಳೀತು?’

ಅದಕ್ಕೆ ಉತ್ತರ ನನ್ನ ಕಸುಬಿನಲ್ಲಿಯೇ ಇತ್ತು. ಯಂತ್ರದಲ್ಲಿ ಅಳಿಸುವುದೆಂದರೆ ಅನೇಕ ವೇಳೆ ಪುಸ್ತಕದ ಪುಟಗಳನ್ನು ಸುಡುವುದಲ್ಲ, ವಿಷಯಸೂಚಿಕೆಯಲ್ಲಿ ಒಂದು ಸಾಲನ್ನು ಹೊಡೆದುಹಾಕುವುದು. ಪುಟಗಳು ಇದ್ದಲ್ಲಿಯೇ ಇರುತ್ತವೆ. ಅದರಲ್ಲಿಯೂ ಫ್ಲ್ಯಾಶ್ ಸ್ಮೃತಿಯ ಸ್ವಭಾವ ಇನ್ನೂ ವಿಚಿತ್ರ. ಅದರಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ಅನೇಕ ಪುಟಗಳ ಕಂತೆ ಕಂತೆಯಾಗಿ. ಒಂದೇ ಜಾಗವನ್ನು ಮತ್ತೆ ಮತ್ತೆ ಅಳಿಸಿದರೆ ಆ ಜಾಗ ಸವೆದುಹೋಗುವುದರಿಂದ, ಒಳಗಿರುವ ನಿಯಂತ್ರಕವು ಹಳೆಯದರ ಮೇಲೆ ಬರೆಯದೆ ಹೊಸ ಜಾಗ ಹುಡುಕಿ ಬರೆಯುತ್ತದೆ. ಹಳೆಯ ಪ್ರತಿ ಎಲ್ಲೋ ಮೂಲೆಯಲ್ಲಿ ಉಳಿದಿರುತ್ತದೆ. ಹೀಗಿರುವಾಗ ಅಳಿಸುವುದನ್ನೇ ನೆಚ್ಚಿ ಕೂರುವುದು ವ್ಯರ್ಥ. ಬರೆಯುವಾಗಲೇ ಗೂಢಲಿಪಿಯಲ್ಲಿ ಬರೆದು, ಕೀಲಿಯನ್ನು ಬೇರೆ ಇಟ್ಟಿದ್ದರೆ, ಮಾರುವ ದಿನ ಆ ಒಂದು ಕೀಲಿಯನ್ನು ನಾಶಮಾಡಿದರೆ ಸಾಕಾಗುತ್ತಿತ್ತು. ಸಾವಿರಾರು ವರದಿಗಳು ಒಂದೇ ಕ್ಷಣದಲ್ಲಿ ಯಾರಿಗೂ ಅರ್ಥವಾಗದ ಅಂಕಿಗಳ ರಾಶಿಯಾಗುತ್ತಿದ್ದವು.

ಮಗಳು ಅಲ್ಲಿಯೇ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ಕೊನೆಗೆ ಅವಳು ಆಡಿದ ಮಾತು ಇದು: ‘ಮಾಮಾ, ನನ್ನ ಜಡ್ಡಿನ ಮಾತು ಆ ಮನಿಯವರಿಗೆ ನಾನೇ ಹೇಳಾಕಿ ಇದ್ದೆ. ಮುಚ್ಚಿಡೂ ವಿಚಾರ ನನಗ ಇರಲೇ ಇಲ್ಲ. ಆದ್ರ ಹೇಳೂ ಹಕ್ಕು ನಂದಿತ್ತು. ಅದನ್ನ ಯಾರೋ ಕಸದಾಗಿಂದ ಎತ್ತಿ ಹೇಳಿಬಿಟ್ಟರು.’

ಗೂಢಲಿಪಿ ವಿದ್ಯೆಯ ಮೇಲೆ ನಾನು ಓದಿದ ದೊಡ್ಡ ಗ್ರಂಥಗಳು ಯಾವುವೂ ಅದರ ಪ್ರಯೋಜನವನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ರಹಸ್ಯವೆಂದರೆ ಬಚ್ಚಿಡುವ ಹಂಬಲವಲ್ಲ. ತನ್ನ ಮಾತನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕೆಂಬ ನಿರ್ಣಯ ತನ್ನ ಕೈಯಲ್ಲಿರುವುದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾಯಿದೆಯನ್ನೂ ಮಾಡಿತು. ಆದರೆ ಕಾನೂನು ಕಾಗದದ ಮೇಲಿರುತ್ತದೆ, ಮಾಹಿತಿ ಚಿಪ್‌ನಲ್ಲಿರುತ್ತದೆ. ಕಾನೂನಿನ ಕೈ ಚಿಪ್‌ನವರೆಗೆ ಚಾಚಬೇಕಾದರೆ ಎರಡು ಉಪಾಯಗಳು ಬೇಕು. ಒಂದು ಗೂಢಲಿಪೀಕರಣ, ಇನ್ನೊಂದು ಪರಸ್ಪರ ದೃಢೀಕರಣ.

ಗೂಢಲಿಪೀಕರಣವನ್ನು ತಿಳಿಸಲು ನಮ್ಮ ಕಡೆಯ ದನದ ಸಂತೆಗಿಂತ ಒಳ್ಳೆಯ ನಿದರ್ಶನವಿಲ್ಲ. ಎತ್ತಿನ ವ್ಯಾಪಾರದಲ್ಲಿ ದಲಾಲನು ಕೈಮೇಲೆ ವಲ್ಲಿಯನ್ನು ಹೊದಿಸಿ, ಅದರ ಕೆಳಗೆ ಬೆರಳುಗಳನ್ನು ಹಿಡಿದು ಬೆಲೆ ಹೇಳುವುದನ್ನು ನಮ್ಮಲ್ಲಿ ಅನೇಕರು ಕಂಡಿರುವರು. ಸುತ್ತ ನೂರು ಜನ ನಿಂತು ನೋಡುತ್ತಾರೆ. ವ್ಯವಹಾರ ನಡೆಯುತ್ತಿದೆಯೆಂಬುದು ಎಲ್ಲರಿಗೂ ಗೊತ್ತು. ಬೆಲೆಯೆಷ್ಟೆಂಬುದು ಇಬ್ಬರಿಗೆ ಮಾತ್ರ ಗೊತ್ತು. ಪ್ರೊಸೆಸರಿಗೂ ಸ್ಮೃತಿಗೂ ನಡುವಿನ ತಂತಿಯೂ ಇಂಥ ಸಂತೆಯೇ. ತಂತಿಯನ್ನು ಬಚ್ಚಿಡಲಾಗದು, ಅದರ ಮೇಲೆ ಸಾಗುವ ಮಾತಿಗೆ ವಲ್ಲಿ ಹೊದಿಸಬಹುದು.

ಈ ವಲ್ಲಿಯನ್ನು ನೇಯುವ ವಿಧಾನಗಳಲ್ಲಿ ಈಗ ಸರ್ವಮಾನ್ಯವಾದುದು ಎ.ಇ.ಎಸ್. ಎಂಬುದು. ಬೆಲ್ಜಿಯಂ ದೇಶದ ಜೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಎಂಬಿಬ್ಬರು ರಚಿಸಿದ ಈ ಕ್ರಮವನ್ನು, ಬಹಿರಂಗ ಸ್ಪರ್ಧೆಯೊಂದನ್ನು ನಡೆಸಿ, ಅಮೆರಿಕದ ಮಾನಕ ಸಂಸ್ಥೆಯು 2001ರಲ್ಲಿ ಅಂಗೀಕರಿಸಿತು. ಅದರ ಪ್ರತಿಯೊಂದು ಹೆಜ್ಜೆಯೂ ಮುದ್ರಿತವಾಗಿ ಯಾರು ಬೇಕಾದರೂ ಓದಲು ದೊರೆಯುತ್ತದೆ. ಬೀಗದ ನಕ್ಷೆಯನ್ನೇ ಊರಿಗೆಲ್ಲ ಹಂಚಿದರೆ ಭದ್ರತೆಯೆಲ್ಲಿ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರವನ್ನು ಆಗಸ್ಟ್ ಕೆರ್ಕೋಫ್ಸ್ ಎಂಬ ಭಾಷಾಪಂಡಿತನು 1883ರಲ್ಲಿಯೇ ಕೊಟ್ಟಿದ್ದನು. ವಿಧಾನವು ಶತ್ರುವಿನ ಕೈ ಸೇರಿದರೂ ಕೆಡುಕಾಗಬಾರದು, ರಹಸ್ಯವೆಲ್ಲ ಕೀಲಿಯೊಂದರಲ್ಲಿಯೇ ಇರಬೇಕು ಎಂಬುದು ಅವನ ಮತದ ತಾತ್ಪರ್ಯ.

ಈ ಮಾತನ್ನು ಕಡೆಗಣಿಸಿದ್ದರ ಫಲವನ್ನು ಸ್ಮೃತಿ ಚಿಪ್‌ಗಳ ಚರಿತ್ರೆಯಲ್ಲಿಯೇ ಕಾಣಬಹುದು. ಅಟ್ಮೆಲ್ ಎಂಬ ಸಂಸ್ಥೆಯು ಕ್ರಿಪ್ಟೋಮೆಮೊರಿ ಎಂಬ ಸಣ್ಣ ಚಿಪ್ಪನ್ನು ತಯಾರಿಸಿತು. ಅದು ಬರಿಯ ಸ್ಮೃತಿಯಲ್ಲ. ತನ್ನನ್ನು ಓದಬಂದವನನ್ನು ಪರೀಕ್ಷಿಸಿ, ತಾನೂ ಪರೀಕ್ಷೆಗೆ ಒಳಗಾಗಿ, ಅನಂತರ ಗೂಢಲಿಪಿಯಲ್ಲಿ ಮಾತನಾಡುವ ಸ್ಮೃತಿ. ಕಲ್ಪನೆ ಉತ್ತಮವಾಗಿತ್ತು. ಆದರೆ ಅದರ ಗೂಢಲಿಪಿಯ ವಿಧಾನವನ್ನು ಸಂಸ್ಥೆಯು ಬಹಿರಂಗಪಡಿಸಿರಲಿಲ್ಲ. ಕೀಲಿಯ ಉದ್ದವೂ 64 ಬಿಟ್‌ಗಳಷ್ಟೇ. 2010ರಲ್ಲಿ ನೆದರ್ಲೆಂಡ್ಸ್ ದೇಶದ ರ್ಯಾಡ್‌ಬೌಡ್ ವಿಶ್ವವಿದ್ಯಾಲಯದ ಫ್ಲಾವಿಯೋ ಗಾರ್ಸಿಯಾ ಮತ್ತು ಸಂಗಡಿಗರು ಆ ರಹಸ್ಯ ವಿಧಾನವನ್ನು ಬಿಡಿಸಿ, ಅದರ ದೌರ್ಬಲ್ಯಗಳನ್ನು ಪ್ರಕಟಿಸಿದರು. ಎರಡು ವರ್ಷಗಳಲ್ಲಿ, ಅಂದರೆ 2012ರಲ್ಲಿ, ಅದೇ ವಿಶ್ವವಿದ್ಯಾಲಯದವರೂ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರೂ ಕೂಡಿ ಇನ್ನೊಂದು ದಾರಿಯಿಂದ ಅದೇ ಕೀಲಿಯನ್ನು ತೆಗೆದರು. ಚಿಪ್ಪು ಎಣಿಕೆ ಮಾಡುವಾಗ ಎಳೆದುಕೊಳ್ಳುವ ವಿದ್ಯುತ್ತಿನ ಏರಿಳಿತವನ್ನು ಅಳೆದೇ ಅವರು ಅದನ್ನು ಸಾಧಿಸಿದರು. ಬೆರಳು ಕಾಣದಿದ್ದರೂ ವಲ್ಲಿಯ ಅಲುಗಾಟವನ್ನು ನೋಡಿಯೇ ಬೆಲೆ ಊಹಿಸುವ ಚತುರರು ಸಂತೆಯಲ್ಲಿಯೂ ಇರುತ್ತಾರೆ.

ಇನ್ನು ಪರಸ್ಪರ ದೃಢೀಕರಣದ ವಿಷಯ. ವಲ್ಲಿಯ ಕೆಳಗಿನ ಕೈ ಯಾರದೆಂದು ತಿಳಿಯದಿದ್ದರೆ ವಲ್ಲಿಯಿದ್ದೂ ಪ್ರಯೋಜನವಿಲ್ಲ. ಯಂತ್ರವು ಸ್ಮೃತಿಯನ್ನು ‘ನೀನು ನಿಜವಾದವನೋ?’ ಎಂದು ಕೇಳಬೇಕು. ಸ್ಮೃತಿಯೂ ಯಂತ್ರವನ್ನು ಹಾಗೆಯೇ ಕೇಳಬೇಕು. ಬಾಗಿಲು ಬಡಿದವನ ಗುರುತು ಕೇಳುವುದು ಲೋಕರೂಢಿ. ಬಡಿದವನು ಕೂಡ, ತಾನು ಬಂದುದು ಸರಿಯಾದ ಮನೆಗೋ ಅಥವಾ ಮೋಸಗಾರರು ಕಟ್ಟಿದ ಅಂಥದೇ ಬಾಗಿಲಿಗೋ ಎಂದು ತಿಳಿದುಕೊಳ್ಳಬೇಕೆಂಬುದೇ ಇಲ್ಲಿಯ ವಿಶೇಷ.

ಅದರ ಕ್ರಮ ಹೀಗೆ. ಯಂತ್ರ, ಸ್ಮೃತಿ ಇವೆರಡರಲ್ಲಿಯೂ ಒಂದೇ ರಹಸ್ಯ ಕೀಲಿಯನ್ನು ಮೊದಲೇ ಇಟ್ಟಿರುತ್ತಾರೆ. ಆ ಕೀಲಿಯನ್ನು ಎಂದೂ ಬಾಯಿಬಿಟ್ಟು ಹೇಳತಕ್ಕದ್ದಲ್ಲ. ಯಂತ್ರವು ಹಿಂದೆಂದೂ ಬಳಸದ ಒಂದು ಸಂಖ್ಯೆಯನ್ನು ಆರಿಸಿ ಸ್ಮೃತಿಗೆ ಕಳುಹಿಸುತ್ತದೆ. ಸ್ಮೃತಿಯು ಆ ಸಂಖ್ಯೆಯನ್ನು ಕೀಲಿಯೊಡನೆ ಬೆರೆಸಿ, ಕೀಲಿಯಿಲ್ಲದವರು ಮಾಡಲಾಗದ ಲೆಕ್ಕವೊಂದನ್ನು ಮಾಡಿ, ಉತ್ತರವನ್ನೂ ಅದರ ಜೊತೆಗೆ ತನ್ನದೇ ಆದ ಇನ್ನೊಂದು ಹೊಸ ಸಂಖ್ಯೆಯನ್ನೂ ಕಳುಹಿಸುತ್ತದೆ. ಯಂತ್ರವು ತಾನೂ ಅದೇ ಲೆಕ್ಕವನ್ನು ಮಾಡಿ, ಉತ್ತರ ಸರಿಹೊಂದಿದರೆ ಸ್ಮೃತಿಯನ್ನು ನಂಬುತ್ತದೆ. ಬಳಿಕ ಸ್ಮೃತಿಯ ಸಂಖ್ಯೆಗೆ ತನ್ನ ಉತ್ತರವನ್ನು ಕೊಟ್ಟು ತಾನೂ ನಂಬಿಕೆಗೆ ಪಾತ್ರವಾಗುತ್ತದೆ. ನಡುವೆ ಕದ್ದು ಕೇಳಿದವನಿಗೆ ದೊರೆಯುವುದು ನಾಲ್ಕು ಅರ್ಥವಿಲ್ಲದ ಸಂಖ್ಯೆಗಳು. ನಾಳೆ ಅವನ್ನೇ ಗಿಳಿಯಂತೆ ಒಪ್ಪಿಸಿದರೆ ನಡೆಯದು. ನಾಳೆಯ ಪ್ರಶ್ನೆ ಬೇರೆ.

ಕೇಳಲು ಇದು ಸರಳ. ಆದರೆ ಇಂಥ ಸರಳ ಸಂವಾದದಲ್ಲಿಯೂ ಎಷ್ಟು ಸೂಕ್ಷ್ಮ ದೋಷ ಅಡಗಿರಬಹುದೆಂಬುದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವಿದೆ. ರೋಜರ್ ನೀಡ್‌ಹ್ಯಾಮ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು 1978ರಲ್ಲಿ ಪರಸ್ಪರ ದೃಢೀಕರಣದ ಕ್ರಮಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದು ಕೆಲವೇ ಸಾಲುಗಳ ಸಂವಾದ. ಹದಿನೇಳು ವರ್ಷ ಪಂಡಿತರೆಲ್ಲ ಅದನ್ನು ಓದಿ ಪಾಠ ಹೇಳಿದರು. 1995ರಲ್ಲಿ ಗ್ಯಾವಿನ್ ಲೋವ್ ಎಂಬಾತನು, ಒಬ್ಬನೊಡನೆ ನ್ಯಾಯವಾಗಿ ಮಾತಿಗೆ ತೊಡಗಿದವನು ಆ ಮಾತುಗಳನ್ನೇ ಬಳಸಿ ಮೂರನೆಯವನ ಮುಂದೆ ಆ ಒಬ್ಬನಂತೆಯೇ ವೇಷ ಹಾಕಬಹುದೆಂದು ತೋರಿಸಿದನು. ಪರಿಹಾರವಾದರೋ ತೀರ ಚಿಕ್ಕದು: ಉತ್ತರ ಕೊಡುವವನು ಉತ್ತರದೊಳಗೆ ತನ್ನ ಹೆಸರನ್ನೂ ಸೇರಿಸಬೇಕು. ಪತ್ರದ ಕೊನೆಗೆ ರುಜು ಹಾಕುವುದನ್ನು ಮರೆಯಬೇಡಿರೆಂದು ವ್ಯಾಕರಣದ ಮಾಸ್ತರರು ನಮಗೆ ಹೇಳುತ್ತಿದ್ದುದು ಇದನ್ನೇ.

ಇಂದು ಈ ವಿಧಾನ ಬಹಳ ಜನರ ಜೇಬಿನಲ್ಲಿಯೇ ಕೆಲಸ ಮಾಡುತ್ತಿದೆ. ಚತುರ ದೂರವಾಣಿಗಳ ಶಾಶ್ವತ ಸ್ಮೃತಿಯಲ್ಲಿ ಆರ್.ಪಿ.ಎಂ.ಬಿ. ಎಂಬ ಒಂದು ಸಣ್ಣ ಮೀಸಲು ಕೋಣೆಯಿರುತ್ತದೆ. ಅದಕ್ಕೆ 256 ಬಿಟ್‌ಗಳ ಕೀಲಿಯನ್ನು ಒಮ್ಮೆ ಮಾತ್ರ ಬರೆಯಲು ಸಾಧ್ಯ. ಬರೆದ ಬಳಿಕ ಅದನ್ನು ಯಾರೂ ಓದಲಾರರು, ಬದಲಾಯಿಸಲಾರರು. ಆ ಕೋಣೆಯಲ್ಲಿ ಏನನ್ನಾದರೂ ಬರೆಯಬೇಕಾದರೆ ಪ್ರೊಸೆಸರು ಕೀಲಿಯಿಂದ ಸಾಧಿಸಿದ ಮುದ್ರೆಯನ್ನು ಒತ್ತಿ ಕಳುಹಿಸಬೇಕು. ಬರೆದಾಗಲೆಲ್ಲ ಒಂದು ಎಣಿಕೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಎಂದೂ ಬಾರದು. ಆದುದರಿಂದ ಹಳೆಯ ಅಪ್ಪಣೆಯನ್ನು ಮತ್ತೆ ತಂದು ತೋರಿಸಿ ಮೋಸ ಮಾಡಲಾಗದು. ಓದುವಾಗ ಪ್ರೊಸೆಸರು ಹೊಸ ಸಂಖ್ಯೆಯೊಂದನ್ನು ಕೊಡುತ್ತದೆ, ಸ್ಮೃತಿಯು ಅದನ್ನೊಳಗೊಂಡ ಮುದ್ರೆಯೊಡನೆ ಉತ್ತರಿಸುತ್ತದೆ. ಹೀಗೆ ಎರಡು ಕಡೆಯ ಗುರುತೂ ಆಗುತ್ತದೆ. ಗಮನಿಸಬೇಕಾದುದೇನೆಂದರೆ, ಈ ವಿಧಾನವು ಮಾತನ್ನು ಮರೆಮಾಡುವುದಿಲ್ಲ, ಮಾತಿನ ಸತ್ಯವನ್ನು ಕಾಯುತ್ತದೆ ಅಷ್ಟೇ. ಮರೆಮಾಡುವ ಕೆಲಸ ಗೂಢಲಿಪಿಯದು. ಎರಡೂ ಬೇರೆ ಬೇರೆ ಸೇವೆಗಳು. ಒಂದಿದ್ದರೆ ಇನ್ನೊಂದು ಇದ್ದಂತೆ ಎಂದು ತಿಳಿಯುವುದು ಅಪಾಯಕರ.

ಆ ಅಪಾಯಕ್ಕೆ ಇತ್ತೀಚಿನ ನಿದರ್ಶನಗಳು ಸಾಲದೆ ಇಲ್ಲ. ನಮ್ಮ ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳ ಲೆಕ್ಕಪತ್ರಗಳು ಈಗ ಬೇರೆಯವರ ಭವನಗಳಲ್ಲಿರುವ ಭಾರಿ ಗಣಕಗಳ ಮೇಲೆ ಇರುವುದುಂಟು. ಆ ಭವನದ ಯಜಮಾನನು ಕೂಡ ನಮ್ಮ ಮಾಹಿತಿಯನ್ನು ಓದದಂತೆ, 2016ರಲ್ಲಿ ಎ.ಎಂ.ಡಿ. ಸಂಸ್ಥೆಯು ಡಿರ್ಯಾಮ್‌ಗೆ ಹೋಗುವುದನ್ನೆಲ್ಲ ಪ್ರೊಸೆಸರಿನೊಳಗೇ ಗೂಢಲಿಪಿಗೆ ತಿರುಗಿಸುವ ಏರ್ಪಾಡನ್ನು ಪ್ರಕಟಿಸಿತು. ಅದಕ್ಕೆ ಮುಂಚೆ 2015ರಿಂದ ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಲ್ಲಿ ಎಸ್.ಜಿ.ಎಕ್ಸ್. ಎಂಬ ಏರ್ಪಾಡಿತ್ತು. ಅದು ಗೂಢಲಿಪಿಯ ಜೊತೆಗೆ, ಸ್ಮೃತಿಯಿಂದ ಮರಳಿ ಬಂದ ಪ್ರತಿಯೊಂದು ತುಣುಕೂ ತಾನು ಕಡೆಯ ಸಲ ಬರೆದದ್ದೇ ಹೌದೋ ಎಂದು ಪರೀಕ್ಷಿಸುತ್ತಿತ್ತು. ಈ ಪರೀಕ್ಷೆ ದುಬಾರಿಯಾದುದರಿಂದ ಆರಂಭದಲ್ಲಿ ಕೇವಲ 128 ಮೆಗಾಬೈಟ್‌ನಷ್ಟು ಸ್ಮೃತಿಗೆ ಮೀಸಲಾಗಿತ್ತು. ದೊಡ್ಡ ಗಣಕಗಳಿಗೆ ಅದು ಸಾಲದೆಂದು, 2021ರ ಹೊಸ ಪೀಳಿಗೆಯಲ್ಲಿ ವಿಸ್ತಾರಕ್ಕಾಗಿ ಆ ಪರೀಕ್ಷೆಯನ್ನು ಕೈಬಿಟ್ಟು ಗೂಢಲಿಪಿಯನ್ನು ಮಾತ್ರ ಉಳಿಸಿಕೊಂಡರು. ವಲ್ಲಿ ಉಳಿಯಿತು, ಕೈಯ ಗುರುತು ಹೋಯಿತು.

ಮುಂದಿನದು ಊಹಿಸಬಹುದಾದುದೇ. ಪ್ರತಿಯೊಂದು ಡಿರ್ಯಾಮ್ ಹಲಗೆಯ ಮೇಲೆ ‘ನನ್ನ ಗಾತ್ರ ಇಷ್ಟು’ ಎಂದು ಹೇಳುವ ಒಂದು ಚಿಕ್ಕ ಚಿಪ್ಪಿರುತ್ತದೆ. ಗಣಕವು ಆರಂಭವಾಗುವಾಗ ಅದರ ಮಾತನ್ನು ನಂಬುತ್ತದೆ. 2024ರಲ್ಲಿ ಯೂರೋಪಿನ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು ಹತ್ತು ಡಾಲರುಗಳ ಸಾಮಗ್ರಿಯಿಂದ ಆ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿದರು. ಇದ್ದುದಕ್ಕಿಂತ ಎರಡರಷ್ಟು ದೊಡ್ಡವನೆಂದು ಸ್ಮೃತಿ ಹೇಳಿಕೊಂಡಿತು. ಒಂದೇ ಕೋಣೆಗೆ ಎರಡು ವಿಳಾಸಗಳಾದವು. ಕಾವಲಿಲ್ಲದ ವಿಳಾಸದಿಂದ ಹೋಗಿ ಕಾವಲಿರುವ ಕೋಣೆಯನ್ನು ಮುಟ್ಟುವುದು ಸಾಧ್ಯವಾಯಿತು. ಇದಕ್ಕೆ ಬ್ಯಾಡ್‌ರ್ಯಾಮ್ ಎಂದು ಹೆಸರಿಟ್ಟರು. ತಯಾರಕರು, ಗಣಕ ಆರಂಭವಾಗುವಾಗಲೇ ಇಂಥ ಇಬ್ಬಗೆಯ ವಿಳಾಸಗಳನ್ನು ಹುಡುಕುವ ತಿದ್ದುಪಡಿ ತಂದರು. 2025ರಲ್ಲಿ ಲೂವೆನ್ನಿನವರೂ ಸಂಗಡಿಗರೂ ಸುಮಾರು ಐವತ್ತು ಡಾಲರಿನ ಒಂದು ಹಲಗೆಯನ್ನು ಪ್ರೊಸೆಸರಿಗೂ ಸ್ಮೃತಿಗೂ ನಡುವೆ ಇಟ್ಟು, ಆರಂಭದ ಪರೀಕ್ಷೆ ಮುಗಿಯುವವರೆಗೆ ಅದನ್ನು ಸಭ್ಯನಂತೆ ಇರಿಸಿ, ಅನಂತರ ವಿಳಾಸಗಳನ್ನು ತಿರುಚಿ ತೋರಿಸಿದರು. ಯಂತ್ರವನ್ನೇ ಕೈಯಲ್ಲಿ ಹಿಡಿದವನ ವಿರುದ್ಧ ರಕ್ಷಣೆ ಕೊಡುವುದು ತಮ್ಮ ವಾಗ್ದಾನದಲ್ಲಿ ಸೇರಿರಲಿಲ್ಲವೆಂದು ತಯಾರಕರು ಉತ್ತರಿಸಿದರು. ಉತ್ತರ ಪ್ರಾಮಾಣಿಕವಾದುದೇ. ಆದರೆ ಗುಜರಿಗೆ ಹೋದ ಯಂತ್ರ, ಕಳುವಾದ ದೂರವಾಣಿ, ದುರಸ್ತಿಗೆ ಕೊಟ್ಟ ಗಣಕ, ಇವೆಲ್ಲವೂ ಇನ್ನೊಬ್ಬರ ಕೈಯಲ್ಲಿರುವ ಯಂತ್ರಗಳೇ ಅಲ್ಲವೆ?

ಇಷ್ಟನ್ನು ಓದಿ ವಾಚಕರು ನಿರಾಶರಾಗಬೇಕಾಗಿಲ್ಲ. ಪ್ರಯೋಗಶಾಲೆಯ ಪಂಡಿತರು ಭೇದಿಸಿದ್ದನ್ನು ಬೀದಿಯ ಕಳ್ಳನು ಭೇದಿಸಬಲ್ಲನೆಂದಲ್ಲ. ದೋಷವನ್ನು ಕಂಡುಹಿಡಿದು ಬಹಿರಂಗವಾಗಿ ಹೇಳುವವರಿರುವುದರಿಂದಲೇ ಈ ವಿದ್ಯೆ ಬೆಳೆಯುತ್ತಿದೆ. ಸಾಮಾನ್ಯರಾದ ನಮಗೆ ಆಗುವ ಹಾನಿಗಳಲ್ಲಿ ಹೆಚ್ಚಿನವು ಗೂಢಲಿಪಿ ಮುರಿದುದರಿಂದ ಆದವಲ್ಲ, ಗೂಢಲಿಪಿಯನ್ನು ಬಳಸದೆ ಇದ್ದುದರಿಂದ ಆದವು. ನನ್ನ ಸೊಸೆಯ ವರದಿಯನ್ನು ಹೊರತೆಗೆದವರು ಪಂಡಿತರಾಗಿರಲಿಲ್ಲ.

ಆದುದರಿಂದ ನಮ್ಮ ಸಂಸ್ಥೆಯ ಉಪಾಧ್ಯಾಯರಲ್ಲಿಯೂ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿ ಬಾಂಧವರಲ್ಲಿಯೂ ಕೆಲವು ವಿನಂತಿಗಳನ್ನು ಮಾಡಿಕೊಳ್ಳುತ್ತೇನೆ. ಶಾಲೆಯ ಕಾರ್ಯಾಲಯದ ಗಣಕದಲ್ಲಿ ಮಕ್ಕಳ ಅಂಕಪಟ್ಟಿಗಳಷ್ಟೇ ಅಲ್ಲ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳೂ, ಆಧಾರ್ ಸಂಖ್ಯೆಗಳೂ, ಯಾವ ಮಗುವಿಗೆ ಶುಲ್ಕದ ರಿಯಾಯಿತಿ ದೊರೆಯಿತು, ಯಾವ ಮಗುವಿಗೆ ತಂದೆಯಿಲ್ಲ ಎಂಬ ವಿವರಗಳೂ ಇರುತ್ತವೆ. ಬಡವನ ಮಗು ಬಡವನೆಂದು ಊರಿಗೆಲ್ಲ ತಿಳಿಯಬೇಕಾಗಿಲ್ಲ. ಈಗಿನ ಗಣಕಗಳಲ್ಲಿಯೂ ದೂರವಾಣಿಗಳಲ್ಲಿಯೂ ಸ್ಮೃತಿಯನ್ನು ಗೂಢಲಿಪಿಯಲ್ಲಿಡುವ ಸೌಕರ್ಯ ಬಹುಮಟ್ಟಿಗೆ ಇದ್ದೇ ಇರುತ್ತದೆ, ಅದನ್ನು ಚಾಲನೆಯಲ್ಲಿಡಬೇಕು. ಕೇವಲ ಚಿಪ್‌ನ ಭರವಸೆಯನ್ನು ನೆಚ್ಚದಿರುವುದೂ ಒಳ್ಳೆಯದು. ತಾವೇ ಗೂಢಲಿಪಿ ಬರೆಯುತ್ತೇವೆಂದು ಹೇಳಿಕೊಂಡ ಕೆಲವು ಶಾಶ್ವತ ಸ್ಮೃತಿಗಳಲ್ಲಿ, ಬಳಕೆದಾರನ ಸಂಕೇತಪದಕ್ಕೂ ಒಳಗಿನ ಕೀಲಿಗೂ ಸಂಬಂಧವೇ ಇರಲಿಲ್ಲವೆಂದು 2018ರಲ್ಲಿ ರ್ಯಾಡ್‌ಬೌಡ್ ವಿಶ್ವವಿದ್ಯಾಲಯದವರೇ ತೋರಿಸಿಕೊಟ್ಟರು.

ಎರಡನೆಯ ವಿನಂತಿ ದಾನಿಗಳಲ್ಲಿ. ತಮ್ಮ ಕಾರ್ಖಾನೆ, ಕಚೇರಿ, ದವಾಖಾನೆಗಳ ಹಳೆಯ ಗಣಕಗಳನ್ನು ಶಾಲೆಗಳಿಗೆ ದಾನಮಾಡುವ ಸತ್ಸಂಪ್ರದಾಯ ಬೆಳೆಯುತ್ತಿರುವುದು ಸಂತೋಷದ ಸಂಗತಿ. ದಾನ ಕೊಡುವ ಮುನ್ನ ಅದರ ಸ್ಮೃತಿಯ ಕೀಲಿಯನ್ನು ನಾಶಪಡಿಸಿ ಕೊಡಿರಿ. ಮೊದಲಿನಿಂದ ಗೂಢಲಿಪಿಯಿಲ್ಲದಿದ್ದರೆ, ಆ ಸ್ಮೃತಿಯನ್ನೇ ಕಳಚಿ ಒಡೆದುಹಾಕಿ, ಹೊಸದೊಂದನ್ನು ಹಾಕಿಸಿ ಕೊಡಿರಿ. ಅದರ ವೆಚ್ಚ ಅಲ್ಪ. ದಾನದ ಯಂತ್ರದೊಡನೆ ಪರರ ಗುಟ್ಟುಗಳನ್ನೂ ದಾನಮಾಡಿದಂತಾಗಬಾರದು.

ಮೂರನೆಯದು ಕೀಲಿಯ ವಿಷಯ. ಗೂಢಲಿಪಿಗೆ ದಯೆಯಿಲ್ಲ. ಕೀಲಿ ಕಳೆದರೆ ಒಡೆಯನಿಗೂ ಅದು ಬಾಗಿಲು ತೆರೆಯದು. ಆದುದರಿಂದ ಸಂಸ್ಥೆಯ ಕೀಲಿಪದಗಳನ್ನು ಒಬ್ಬರ ತಲೆಯಲ್ಲಿ ಮಾತ್ರ ಇಡದೆ, ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ಕಪಾಟಿನಲ್ಲಿಯೂ ಇಡುವುದು ಒಳಿತು. ಹಾಗೆಂದು ಅದನ್ನೇ ಕಾಗದದ ಮೇಲೆ ಬರೆದು ಗಣಕದ ಪರದೆಗೆ ಅಂಟಿಸುವುದು ಸಲ್ಲದು. ಎಕ್ಸ್‌ಬಾಕ್ಸಿನ ಕಥೆ ನೆನಪಿರಲಿ.

ನನ್ನ ಸೊಸೆ ಈಗ ತನ್ನ ಶಾಲೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಈ ವಿಷಯವನ್ನು ಪಾಠದ ನಡುವೆ ಹೇಳುತ್ತಾಳೆ. ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಕೀಲಿಯಾಗಿ ಒಂದು ಸಂಖ್ಯೆಯನ್ನು ಕಿವಿಯಲ್ಲಿ ಹೇಳಿ, ಮಿಕ್ಕ ಮಕ್ಕಳು ಕೇಳುತ್ತಿರುವಂತೆಯೇ ಒಬ್ಬರನ್ನೊಬ್ಬರು ಪರೀಕ್ಷಿಸುವ ಆಟವಾಡಿಸುತ್ತಾಳಂತೆ. ಮೊದಮೊದಲು ಕೂಡುವ ಲೆಕ್ಕ ಕೊಟ್ಟಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡೇ ಸುತ್ತಿನಲ್ಲಿ ಕೀಲಿಯನ್ನು ಕಂಡುಹಿಡಿದಳು. ಆಮೇಲೆ ಕಠಿಣವಾದ ಲೆಕ್ಕವನ್ನು ಹುಡುಕುವ ಭಾರವನ್ನು ಆ ಹುಡುಗಿಗೇ ಒಪ್ಪಿಸಿದಳಂತೆ. ಇಂಥ ಹುಡುಗಿಯರು ನಮ್ಮ ಸಂಸ್ಥೆಯ ತರಗತಿಗಳಲ್ಲಿಯೂ ಕುಳಿತಿರುವರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮುಂದಿನ ಚಿಪ್‌ಗಳನ್ನು ವಿನ್ಯಾಸಗೊಳಿಸುವವರೂ ಅವರೇ, ಅವುಗಳ ದೋಷಗಳನ್ನು ಎತ್ತಿ ತೋರಿಸುವವರೂ ಅವರೇ.

ನಂಬಿಕೆಯು ಒಂದೇ ಕಡೆಯಿಂದ ಹರಿದರೆ ಅದು ನಂಬಿಕೆಯಲ್ಲ, ಅಧೀನತೆ. ಯಂತ್ರಗಳಿಗೆ ನಾವು ಕಲಿಸುತ್ತಿರುವ ಪರಸ್ಪರ ದೃಢೀಕರಣದ ತಿರುಳು ಇಷ್ಟೇ: ಕೇಳುವವನೂ ಉತ್ತರ ಕೊಡಬೇಕು. ನಮ್ಮ ವಿವರಗಳನ್ನು ಕೇಳುವ ಪ್ರತಿಯೊಂದು ಕಚೇರಿಯನ್ನೂ, ‘ನೀವು ಇದನ್ನು ಹೇಗೆ ಕಾಯುವಿರಿ?’ ಎಂದು ಮರಳಿ ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಬರಲಿ. ಉತ್ತರ ಕೊಡುವ ಯೋಗ್ಯತೆ ನಮ್ಮ ಸಂಸ್ಥೆಗಳಿಗೆ ಇರಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.